ಡಬ್ಬಿ ತುಂಬ ‘ರೆ’

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಪೌರಕಾರ್ಮಿಕರ ಹಾಜರಿ ಕೋಣೆಯ ಮುಂದೆ ತಳ್ಳುಗಾಡಿಗಳು ಸಾಲಾಗಿ ನಿಂತಿವೆ. ಮೇಸ್ತ್ರಿ ಹೆಸರು ಕೂಗುತ್ತಿದ್ದಾರೆ. ಹೆಂಗಸರು ‘ಇದ್ದೀನಿ’ ಅನ್ನುತ್ತ ಬಂದು ಬೆರಳಚ್ಚು ಒತ್ತುತ್ತಾರೆ, ಒಂದು ಕೈಯಲ್ಲಿ ಪೊರಕೆ ಎತ್ತಿಕೊಳ್ಳುತ್ತಾರೆ, ಇನ್ನೊಂದು ಕೈಯಲ್ಲಿ ತೂಕಡಿಸುವ ಮಗುವನ್ನು ನಡೆಸಿಕೊಂಡು ಪಕ್ಕದ ಕೋಣೆಯ ಬಾಗಿಲಿಗೆ ಬರುತ್ತಾರೆ. ಅರ್ಧ ಮಕ್ಕಳಿಗೆ ನಿದ್ದೆಯೇ ಬಿಟ್ಟಿಲ್ಲ. ಒಬ್ಬನ ಎಡಗಾಲಿನ ಚಪ್ಪಲಿ ಬಲಗಾಲಿನಲ್ಲಿದೆ.

ಕೋಣೆಯೊಳಗೆ ಚಿಕ್ಕ ಸ್ಟೌ ಮೇಲೆ ಮೈದಾ ಹಿಟ್ಟಿನ ಅಂಟು ಕುದಿಯುತ್ತಿದೆ. ಅದನ್ನು ಕದಡುತ್ತಿರುವ ಹೆಂಗಸಿಗೆ ಐವತ್ತೇಳು ವರ್ಷ. ಮೂಗಿನ ತುದಿಗೆ ಜಾರಿದ ಕನ್ನಡಕ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹತ್ತೂ ಬೆರಳಿನಲ್ಲಿ ಒಣಗಿದ ಅಂಟಿನ ಹಕ್ಕಳೆ. ಮಕ್ಕಳು ಮೊದಮೊದಲು ‘ಆಂಟಿ’ ಅನ್ನುತ್ತಿದ್ದರು. ಯಾವಾಗ ನೋಡಿದರೂ ಕೈಯಲ್ಲಿ ಅಂಟು ಕಂಡ ಮೇಲೆ ಎರಡನ್ನೂ ಸೇರಿಸಿ ‘ಅಂಟಾಂಟಿ’ ಮಾಡಿದರು. ಈಗ ಮೇಸ್ತ್ರಿಯೂ ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲ ಕಡೆ ಹಾಗೇ ಕರೆಯುತ್ತಾರೆ.

“ಬೈಂಡರುಗಳು ಅಂಟಿಗೆ ಮೈಲುತುತ್ತು ಹಾಕ್ತಾರೆ, ಹುಳ ಹಿಡೀಬಾರದು ಅಂತ. ಅದು ವಿಷ. ನಾನು ಹಾಕಲ್ಲ. ನಮ್ಮ ಓದುಗರು ಪುಸ್ತಕ ಓದೋಕ್ಕಿಂತ ಮುಂಚೆ ನೆಕ್ತಾರೆ,” ಎನ್ನುತ್ತಾರೆ ಅಂಟಾಂಟಿ. ವಿಷವಿಲ್ಲದ ಅಂಟು ಎರಡು ದಿನಕ್ಕೆ ಕೆಡುತ್ತದೆ. ಆದ್ದರಿಂದ ದಿನ ಬಿಟ್ಟು ದಿನ, ಬೆಳಗ್ಗೆ ಐದಕ್ಕೇ ಬಂದು ಹೊಸದಾಗಿ ಕಾಯಿಸುತ್ತಾರೆ.

ಐದೂವರೆಯಿಂದ ಒಂಬತ್ತರವರೆಗೆ ಮೂವತ್ತೊಂದು ಮಕ್ಕಳು ಇಲ್ಲಿರುತ್ತಾರೆ. ಮೂರು ವರ್ಷದವರಿಂದ ಹಿಡಿದು ಎಂಟರವರೆಗೆ. ಅಮ್ಮಂದಿರು ಮೊದಲ ಸುತ್ತಿನ ಬೀದಿಗಳನ್ನು ಗುಡಿಸಿ ಬಂದು ಮಕ್ಕಳನ್ನು ಶಾಲೆಗೆ ಬಿಡುತ್ತಾರೆ. ಅಲ್ಲಿಯ ತನಕ ಈ ಮೂವತ್ತೊಂದು ಜನಕ್ಕೆ ನಾಲ್ಕು ಚಾಪೆ, ಒಂದು ಕಿಟಕಿ, ಅರವತ್ತು ಚಿತ್ರಪುಸ್ತಕ ತುಂಬಿದ ಒಂದು ಕಬ್ಬಿಣದ ಪೆಟ್ಟಿಗೆ.

ಪೆಟ್ಟಿಗೆ ತೆರೆದದ್ದೇ ತಡ, ನಿದ್ದೆ ಎಲ್ಲಿಗೋ ಓಡಿಹೋಗುತ್ತದೆ. ಏಳು ವರ್ಷದ ಹುಡುಗಿಯೊಬ್ಬಳು ಚಾಪೆಯ ನಡುವೆ ಕೂತು ಚಿಕ್ಕವರಿಗೆ ಊರಿನ ಕೆಲಸಗಾರರ ಚಿತ್ರಪುಸ್ತಕ ಓದಿ ಹೇಳುತ್ತಿದ್ದಾಳೆ. “ವೈದ್ಯರು ಔಷಧಿ ಕೊಡುತ್ತಾರೆ. ಬಡಗಿ ಮೇಜು ಮಾಡುತ್ತಾರೆ. ಬೀದಿ ಗುಡಿಸುವವರು ಬೀದಿ ಗುಡಿಸುತ್ತಾರೆ.” ಪುಟವನ್ನು ಬೆಳಕಿಗೆ ಹಿಡಿದರೆ ಮಾತ್ರ ಒಂದು ಸಂಗತಿ ಕಾಣಿಸುತ್ತದೆ. ಬಡಗಿಯ ಸಾಲಿನ ಕೊನೆಯ ‘ರೆ’, ಗುಡಿಸುವವರ ಸಾಲಿನ ‘ರು’ ಮತ್ತು ‘ರೆ’ ಮುದ್ರಣವಾಗಿ ಬಂದವಲ್ಲ. ಅಕ್ಕಿಕಾಳಿನಷ್ಟು ಅಗಲದ ಕಾಗದದ ಚೂರುಗಳಾಗಿ ಆಮೇಲೆ ಬಂದು ಕೂತವು.

ಅಂಟಾಂಟಿಯ ನಿಜವಾದ ಕಸುಬು ಇಲ್ಲಿದೆ. ಅವರ ಮೊಣಕಾಲಿನ ಪಕ್ಕ ಒಂದು ತಗಡಿನ ಡಬ್ಬಿ. ಅದರಲ್ಲಿ ಎರಡು ಗೂಡು. ಒಂದರ ತುಂಬ ‘ರೆ’, ಇನ್ನೊಂದರ ತುಂಬ ‘ರು’. ಹಳೆಯ ಪತ್ರಿಕೆ, ಹರಿದ ಪಠ್ಯಪುಸ್ತಕ, ಕರಪತ್ರಗಳಿಂದ ಕತ್ತರಿಸಿ ಇಟ್ಟುಕೊಂಡವು. ಸಣ್ಣವು, ದಪ್ಪನೆಯವು, ಓರೆಯವು, ಎಲ್ಲ ಅಳತೆಯವೂ ಇವೆ. ಬೇರೆ ಕಡೆ ಮಕ್ಕಳ ಅಕ್ಷರಾಭ್ಯಾಸ ‘ಅ’ದಿಂದ ಶುರುವಾಗುತ್ತದೆ. ಇಲ್ಲಿನ ಮಕ್ಕಳು ಮೊದಲು ಗುರುತಿಸುವುದು ‘ರೆ’ಯನ್ನು. ರದ್ದಿ ಕಾಗದ ಸಿಕ್ಕಿದರೆ ಸಾಕು, ಮೂಗು ತಾಗುವಷ್ಟು ಹತ್ತಿರ ಹಿಡಿದು ಹುಡುಕುತ್ತಾರೆ. ಸಿಕ್ಕವರು ಲಾಟರಿ ಹೊಡೆದವರ ಹಾಗೆ ಎದ್ದು ಓಡಿಬರುತ್ತಾರೆ.

ಅಂಟಾಂಟಿ ಹುಟ್ಟಿ ಬೆಳೆದದ್ದು ಒಂದು ಮುದ್ರಣಾಲಯದ ಹಿಂದಿನ ಓಣಿಯಲ್ಲಿ. ಅಪ್ಪ ಅಲ್ಲಿ ಕಾಗದದ ಕಟ್ಟು ಹೊರುವ ಕೆಲಸಕ್ಕಿದ್ದರು. ಮಾಲೀಕರಿಗೆ ಅವಳದೇ ವಯಸ್ಸಿನ, ಆರು ವರ್ಷದ ಮಗನಿದ್ದ. ಒಂದು ದಿನ ಅವನು ಕುರ್ಚಿಯ ಮೇಲೆ ಕಾಲು ಆಡಿಸುತ್ತ ಅವಳ ಅಪ್ಪನನ್ನು ಕೂಗಿದ: “ಏಯ್, ನೀರು ತಗೊಂಡು ಬಾರೋ.” ಅಪ್ಪ, “ಈಗ ತಂದೆ ಸಾಮಿ,” ಎಂದು ಓಡಿದರು. ಮನೆಗೆ ಹೋಗುವ ದಾರಿಯಲ್ಲಿ ಮಗಳು, ಅವನು ಯಾಕೆ ‘ಬಾರೋ’ ಅಂದ ಎಂದು ಕೇಳಿದಳು. ಅಪ್ಪ ನಕ್ಕು, “ಅದು ಮಗು ಕಣೆ, ಅದಕ್ಕೇನು ಗೊತ್ತಾಗುತ್ತೆ,” ಎಂದರು.

“ನಾನೂ ಮಗುನೇ ಆಗಿದ್ದೆ. ನಂಗೆ ಗೊತ್ತಾಗಿತ್ತು,” ಎನ್ನುತ್ತಾರೆ ಅಂಟಾಂಟಿ. ಐವತ್ತು ವರ್ಷವಾದರೂ ಈ ಮಾತು ಆಡುವಾಗ ಅವರ ಕೈ ಕೆಲಸ ನಿಲ್ಲಿಸುತ್ತದೆ. ನೋವು ಇನ್ನೂ ಹಸಿಯಾಗಿಯೇ ಇದೆ.

ಅದೇ ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಅವರು ಇಪ್ಪತ್ತಮೂರು ವರ್ಷ ದುಡಿದರು. ಅಚ್ಚಾದ ದೊಡ್ಡ ಹಾಳೆಗಳನ್ನು ಮಡಚುವುದು, ದಬ್ಬಳದಿಂದ ತೂತು ಮಾಡಿ ಹೊಲಿಯುವುದು, ರಟ್ಟು ಹಚ್ಚುವುದು. ಓದು ಕಲಿತದ್ದೂ ಆ ಹಾಳೆಗಳಿಂದಲೇ. ಮಡಚುವ ಮುಂಚೆ ದೊಡ್ಡ ಹಾಳೆಯಲ್ಲಿ ಪುಟಗಳು ಅನುಕ್ರಮದಲ್ಲಿ ಇರುವುದಿಲ್ಲ. ಒಂದನೆಯ ಪುಟದ ಮಗ್ಗುಲಲ್ಲೇ ಹದಿನಾರನೆಯ ಪುಟ ಬಿದ್ದಿರುತ್ತದೆ. “ಎಷ್ಟೋ ಕಥೇಲಿ ರಾಜಕುಮಾರಿ ಕಳೆದುಹೋದದ್ದೂ ಗೊತ್ತು, ಮನೆಗೆ ಬಂದದ್ದೂ ಗೊತ್ತು. ನಡುವೆ ಎಲ್ಲಿದ್ದಳು ಅಂತ ಇವತ್ತಿಗೂ ಗೊತ್ತಿಲ್ಲ,” ಎಂದು ನಗುತ್ತಾರೆ.

ಮುದ್ರಣಾಲಯ ಮುಚ್ಚಿದ ಮೇಲೆ ಪೊರಕೆ ಹಿಡಿದರು. ನಾಲ್ಕು ವರ್ಷ ಬೀದಿ ಗುಡಿಸಿದರು. ಮೊಣಕಾಲು ಕೈಕೊಟ್ಟಿತು. ಧೂಳಿಗೆ ಕೆಮ್ಮು ಅಂಟಿಕೊಂಡು ಇಂದಿಗೂ ಬಿಟ್ಟಿಲ್ಲ. ಮೇಸ್ತ್ರಿ ಅವರನ್ನು ಸಾಮಾನು ಕೋಣೆಯ ಕಾವಲಿಗೆ ಹಾಕಿದರು. ಆಗ ಕಂಡದ್ದು, ಅಮ್ಮಂದಿರ ತಳ್ಳುಗಾಡಿಯ ತುದಿಯಲ್ಲಿ, ಕಸದ ಡಬ್ಬಗಳ ನಡುವೆ ಕೂತು ಬೆಳಗಿನ ಚಳಿಯಲ್ಲಿ ಬೀದಿ ಸುತ್ತುವ ಮಕ್ಕಳು. ಪೊರಕೆಗಳನ್ನು ಒಂದು ಗೋಡೆಗೆ ಸರಿಸಿ ಚಾಪೆ ಹಾಸಿದರು. ಆದರೆ ಮಕ್ಕಳನ್ನು ಕೂರಿಸಿದ ಮಾತ್ರಕ್ಕೆ ಅವು ಕೂರುತ್ತವೆಯೇ? ಮೂರನೇ ದಿನ ಪ್ರಾಣ ಹಿಂಡತೊಡಗಿದವು.

ಗುಡಿಸುವ ಅಮ್ಮನೊಬ್ಬರು ಕಸದಲ್ಲಿ ಸಿಕ್ಕ ಚಿತ್ರಪುಸ್ತಕವೊಂದನ್ನು ತಂದುಕೊಟ್ಟರು. ಬೆನ್ನು ಹರಿದಿತ್ತು, ಆನೆಯ ಸೊಂಡಿಲು ಇರಲಿಲ್ಲ. ಅಂಟಾಂಟಿ ಹೊಲಿದರು, ಸೊಂಡಿಲನ್ನು ಕಂದು ಕಾಗದದಲ್ಲಿ ಮಾಡಿ ಹಚ್ಚಿದರು. ಅವತ್ತು ಕೋಣೆಯಲ್ಲಿ ಸದ್ದಡಗಿತು. ಆಮೇಲೆ ಊರಿನ ಗ್ರಂಥಾಲಯಕ್ಕೆ ತಾವೇ ನಡೆದುಹೋಗಿ ಒಂದು ಒಪ್ಪಂದ ಮಾಡಿಕೊಂಡು ಬಂದರು. ಗ್ರಂಥಾಲಯದ ಹರಿದ ಚಿತ್ರಪುಸ್ತಕಗಳನ್ನೆಲ್ಲ ಅವರು ರಿಪೇರಿ ಮಾಡಿಕೊಡುವುದು, ಬದಲಿಗೆ ಅರವತ್ತು ಪುಸ್ತಕದ ಪೆಟ್ಟಿಗೆಯೊಂದು ಎರಡು ತಿಂಗಳಿಗೊಮ್ಮೆ ಇಲ್ಲಿಗೆ ಬರುವುದು. ಹೀಗೆ ಆರು ವರ್ಷಗಳಿಂದ ನಡೆದುಬಂದಿದೆ. ಮಧ್ಯೆ ಒಂದೇ ಒಂದು ಸಲ ಎಲ್ಲವೂ ಕೈಜಾರಿ ಹೋಗುವುದರಲ್ಲಿತ್ತು.

ಅದಕ್ಕೆ ಮೂಲ ಆ ಓದುವ ಹುಡುಗಿಯೇ. ಎಲ್ಲದಕ್ಕೂ ‘ಯಾಕೆ’ ಅನ್ನುತ್ತಿದ್ದಳಾದ್ದರಿಂದ ಅವಳಿಗೆ ‘ಯಾಕಮ್ಮ’ ಎಂದೇ ಹೆಸರು ಬಿದ್ದಿದೆ. ಎರಡು ವರ್ಷದ ಹಿಂದೆ, ಅವಳಿಗೆ ಐದಾಗಿದ್ದಾಗ, ಅಂಟಾಂಟಿ ಅದೇ ಕೆಲಸಗಾರರ ಪುಸ್ತಕ ಓದಿ ಹೇಳುತ್ತಿದ್ದರು. ವೈದ್ಯರು ಔಷಧಿ ಕೊಡುತ್ತಾರೆ, ಶಿಕ್ಷಕರು ಪಾಠ ಹೇಳುತ್ತಾರೆ, ಬಡಗಿ ಮೇಜು ಮಾಡುತ್ತಾನೆ, ಬೀದಿ ಗುಡಿಸುವವಳು ಬೀದಿ ಗುಡಿಸುತ್ತಾಳೆ.

“ನಮ್ಮಮ್ಮ ಯಾಕೆ ‘ಳೆ’?” ಎಂದು ಕೇಳಿದಳು ಯಾಕಮ್ಮ.

ಅಂಟಾಂಟಿಗೆ ತಕ್ಷಣ ತಿಳಿಯಲಿಲ್ಲ. ಹುಡುಗಿ ಬೆರಳಿಟ್ಟು ತೋರಿಸಿದಳು. “ಡಾಕ್ಟ್ರು ‘ರೆ’. ಟೀಚರು ‘ರೆ’. ನಮ್ಮಮ್ಮ ‘ಳೆ’. ನಮ್ಮಮ್ಮ ಅವರಿಗಿಂತ ಬೇಗ ಎದ್ದೇಳ್ತಾಳಲ್ಲ.”

“ಇಪ್ಪತ್ತಮೂರು ವರ್ಷ ಪುಸ್ತಕ ಹೊಲಿದಿದ್ದೀನಿ. ನನ್ನ ಕೈಯಲ್ಲೇ ಎಷ್ಟು ಸಾವಿರ ‘ಳೆ’ ದಾಟಿ ಹೋಗಿರಬೇಕು. ಒಂದಾದ್ರೂ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಾಯ್ತು,” ಎನ್ನುತ್ತಾರೆ. ಅವತ್ತು ಏನೋ ಒಂದು ಹೇಳಿ ಮಗುವನ್ನು ಸುಮ್ಮನಿರಿಸಬಹುದಿತ್ತು. ಅಪ್ಪ ತಮ್ಮನ್ನು ಸುಮ್ಮನಿರಿಸಿದ್ದು ನೆನಪಾಯಿತು. ರದ್ದಿಯಲ್ಲಿ ಹುಡುಕಿ, ಅದೇ ಅಳತೆಯ ಒಂದು ‘ರು’, ಒಂದು ‘ರೆ’ ಕತ್ತರಿಸಿ ಮಗುವಿನ ಕಣ್ಣೆದುರೇ ಅಂಟಿಸಿದರು.

ಆಮೇಲೆ ಕೈ ನಿಲ್ಲಲಿಲ್ಲ. ಪೆಟ್ಟಿಗೆಯ ಒಂದೊಂದೇ ಪುಸ್ತಕ ಹಿಡಿದು ಕೂತರು. ದರ್ಜಿ, ಅಗಸ, ಗಾಡಿ ಹೊಡೆಯುವವರು, ಹಾಲು ಹಾಕುವವರು, ರಾಜನ ಕಥೆಯಲ್ಲಿ ಒಂದೇ ಸಾಲಿಗೆ ಬಂದುಹೋಗುವ ಅಡುಗೆಯವರು, ಎಲ್ಲರಿಗೂ ‘ರೆ’ ಸಿಕ್ಕಿತು. ಎಲ್ಲಿ, ಯಾವ ಪುಟ, ಯಾವ ಸಾಲು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಒಂದು ವರ್ಷದಲ್ಲಿ ನಾನೂರ ಹನ್ನೊಂದು ಕಡೆ. ಪಳಗಿದ ಕೈಯ ಅಂಟು, ಗ್ರಂಥಾಲಯದಲ್ಲಿ ಯಾರಿಗೂ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಸಿಕ್ಕಿಬಿದ್ದದ್ದು ಕತ್ತೆಯಿಂದ.

ಗುಂಡ ಎಂದು ಎಲ್ಲರೂ ಕರೆಯುವ ನಾಲ್ಕು ವರ್ಷದ ಹುಡುಗನೊಬ್ಬ, ಅಂಟಾಂಟಿ ಆ ಕಡೆ ತಿರುಗಿದ್ದಾಗ ಡಬ್ಬಿಯಿಂದ ಒಂದು ‘ರೆ’ ಎತ್ತಿ, ಬೆರಳು ತುಂಬ ಅಂಟು ಮೆತ್ತಿಕೊಂಡು, ‘ಕತ್ತೆ ಬಟ್ಟೆ ಹೊರುತ್ತದೆ’ ಎಂಬ ಸಾಲಿನ ಬಾಲಕ್ಕೆ ಹಚ್ಚಿದ. ಪುಸ್ತಕ ಹಾಗೇ ಗ್ರಂಥಾಲಯಕ್ಕೆ ವಾಪಸು ಹೋಯಿತು. ಅಲ್ಲಿನ ಮೇಲ್ವಿಚಾರಕರು ಪುಟ ತೆರೆದರೆ, ದೊಡ್ಡ ಅಕ್ಷರದಲ್ಲಿ, ತುಸು ವಾರೆಯಾಗಿ, ‘ಕತ್ತೆ ಬಟ್ಟೆ ಹೊರುತ್ತರೆ’. ಅವರು ಉಳಿದ ಪುಸ್ತಕಗಳನ್ನೂ ಬೆಳಕಿಗೆ ಹಿಡಿದರು.

ಎಂಟು ದಿನದೊಳಗೆ ಮೇಸ್ತ್ರಿಯ ಹೆಸರಿಗೆ ಪತ್ರ ಬಂತು. “ನಿಮ್ಮ ಕೊಠಡಿಯ ಕೆಲಸದವಳು ಗ್ರಂಥಾಲಯದ ಪುಸ್ತಕಗಳಿಗೆ ಚೀಟಿ ಅಂಟಿಸಿ ವಿರೂಪಗೊಳಿಸಿರುತ್ತಾಳೆ. ಮುಂದಿನ ಪೆಟ್ಟಿಗೆಯನ್ನು ತಡೆಹಿಡಿಯಲಾಗಿದೆ. ಮಂಗಳವಾರ ಬೆಳಗ್ಗೆ ಪರಿಶೀಲನೆಗೆ ಬರಲಾಗುವುದು.”

ಮೇಸ್ತ್ರಿ ತಲೆ ಕೆರೆದುಕೊಂಡರು. “ಅಕ್ಕಾ, ಪುಸ್ತಕ ಇಲ್ಲ ಅಂದ್ರೆ ಮೇಲಿನವರು ಈ ಕೋಣೆನ ಪೊರಕೆ ಇಡೋಕೆ ವಾಪಸ್ ಕೇಳ್ತಾರೆ. ಮಕ್ಕಳು ಮತ್ತೆ ಗಾಡಿ ಮೇಲೆ. ನೀವು ಸುಮ್ನೆ ತಪ್ಪಾಯ್ತು ಅಂದುಬಿಡಿ. ಎಲ್ಲಾ ಕಿತ್ತು ಹಾಕಿಬಿಡಿ.”

ಅಂಟಾಂಟಿ ವೀರಾವೇಶದಿಂದ ಎದುರುತ್ತರ ಕೊಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಪತ್ರವನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಒದ್ದೆ ಬಟ್ಟೆ ಹಿಡಿದು, ಕೋಣೆಯಲ್ಲಿ ಉಳಿದಿದ್ದ ಪುಸ್ತಕಗಳ ‘ರೆ’ ಕೀಳಲು ಕೂತರು. ಮೊದಲ ಚೀಟಿ ಎದ್ದಾಗ ಅದರ ಜೊತೆ ಕೆಳಗಿನ ಕಾಗದವೂ ಎದ್ದು ಬಂತು. ‘ಗುಡಿಸುತ್ತಾ’ ಎಂಬಲ್ಲಿಗೆ ಸಾಲು ನಿಂತು, ಮುಂದೆ ತೂತು. ಎರಡನೆಯದೂ ಹಾಗೇ ಆಯಿತು. “ಅಷ್ಟು ಚೆನ್ನಾಗಿ ಅಂಟಿಸಿಬಿಟ್ಟಿದ್ದೆ,” ಎನ್ನುತ್ತಾರೆ. ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಕಸುಬಿನ ಜಂಭವೇ ಒಂದು ತೂಕ ಹೆಚ್ಚು. ಬಟ್ಟೆಯನ್ನು ಹಿಂಡಿ ಒಣಹಾಕಿದರು. ಮತ್ತೆ ಕೀಳಲು ಹೋಗಲಿಲ್ಲ.

ಮಂಗಳವಾರ ಆರೂ ಮುಕ್ಕಾಲಿಗೆ ಮೇಲ್ವಿಚಾರಕರು ಬಂದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಕತ್ತೆಯ ಪುಸ್ತಕ. ಕುರ್ಚಿ ಇರಲಿಲ್ಲ. ಪೆಟ್ಟಿಗೆಯ ಮೇಲೆ ಕೂರಿಸಿದರು.

“ಎಷ್ಟು ಕಡೆ ಅಂಟಿಸಿದ್ದೀರಿ?”

ಅಂಟಾಂಟಿ ನೋಟ್‌ಬುಕ್ ಕೊಟ್ಟರು. ಅವರು ಅರ್ಧ ಗಂಟೆ ಕೂತು ಪುಸ್ತಕಗಳ ಜೊತೆ ಪುಟ ಪುಟವಾಗಿ ತಾಳೆ ನೋಡಿದರು. ಕೊನೆಗೆ ಅವರು ಒಂದು ಪುಸ್ತಕ ಎತ್ತಿದರು. ಪುಟ್ಟ ಹುಡುಗನೊಬ್ಬ ತನ್ನ ಮನೆಯ ಕಥೆ ಹೇಳುವ ಪುಸ್ತಕ. ‘ನನ್ನ ಅಮ್ಮ ಅಡುಗೆ ಮಾಡುತ್ತಾಳೆ’ ಎಂಬ ಸಾಲಿಗೆ ಯಾವ ಚೀಟಿಯೂ ಇರಲಿಲ್ಲ.

“ಇದನ್ನು ಯಾಕೆ ಬಿಟ್ಟಿರಿ? ಮರೆತುಹೋಯ್ತಾ?”

“ಮರೆತಿಲ್ಲ ಸಾರ್. ಅದು ಸರಿಯಾಗೇ ಇದೆ.”

“ನಾನೂ ಅದನ್ನೇ ಹೇಳೋದು. ‘ಅಮ್ಮ ಬಂದಳು’ ಅನ್ನೋದು ಪ್ರೀತಿ. ಎಲ್ಲದಕ್ಕೂ ‘ರೆ’ ಹಚ್ಚಿದರೆ ಭಾಷೇಲಿ ಪ್ರೀತಿ ಎಲ್ಲಿ ಉಳಿಯುತ್ತೆ?”

“ನಿಜ ಸಾರ್. ಆದ್ರೆ ‘ಬಂದಳು’ ಅಂತ ಮಗು ಹೇಳಬೇಕು. ಆ ಪುಸ್ತಕದಲ್ಲಿ ಹೇಳೋದು ಮಗು, ಅದಕ್ಕೇ ಬಿಟ್ಟೆ. ಈ ಕೆಲಸಗಾರರ ಪುಸ್ತಕ ಆ ಗುಡಿಸೋ ಅಮ್ಮನ ಮಗು ಅಲ್ವಲ್ಲ.”

ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿಕೊಂಡರು. ಅದನ್ನು ಮತ್ತೆ ಹಾಕಿಕೊಂಡು ತಲೆ ಎತ್ತಿದಾಗ ಎದುರಿನ ಮೊಳೆಯಲ್ಲಿ ತೂಗುತ್ತಿದ್ದ ತಮ್ಮದೇ ಪತ್ರ ಕಣ್ಣಿಗೆ ಬಿತ್ತು. ಎದ್ದು ಹತ್ತಿರ ಹೋದರು. ಬೆರಳಚ್ಚಿನ ಸಣ್ಣ ಅಕ್ಷರಗಳ ನಡುವೆ, ಪತ್ರಿಕೆಯ ತಲೆಬರಹದಿಂದ ಕತ್ತರಿಸಿದ ದಪ್ಪನೆಯ ‘ರೆ’ಯೊಂದು ಕೂತಿತ್ತು. ‘ಕೆಲಸದವಳು ... ವಿರೂಪಗೊಳಿಸಿರುತ್ತಾರೆ.’

“ಇದೂ ನಿಮ್ಮ ಕೆಲಸವೇ?”

ಅಂಟಾಂಟಿ ನಾಲಿಗೆ ಕಚ್ಚಿಕೊಂಡರು. ಅವರಿಗೂ ಅದು ಅದೇ ಹೊತ್ತಿಗೆ ಕಂಡದ್ದು. ಮೂಲೆಯಿಂದ ಯಾಕಮ್ಮ ಎದ್ದುನಿಂತಳು. ಮುಖ ಕೆಂಪಾಗಿತ್ತು, ಆದರೆ ಕಣ್ಣು ತಗ್ಗಿಸಲಿಲ್ಲ. “ನಾನು. ಅದರಲ್ಲಿ ‘ಳೆ’ ಇತ್ತು. ಅಂಟಾಂಟಿಗೆ ಯಾಕೆ ‘ಳೆ’?”

ಮೇಲ್ವಿಚಾರಕರು ಆ ಪತ್ರವನ್ನು ಮೊಳೆಯಿಂದ ಕೀಳಲಿಲ್ಲ. “ಅಂಟು ಜಾಸ್ತಿ ಹಾಕಿದ್ದೀಯಮ್ಮ,” ಎಂದಷ್ಟೇ ಹೇಳಿ ಬಂದು ಕೂತರು. ಕತ್ತೆಯ ಪುಸ್ತಕ ಮುಂದೆ ಚಾಚಿದರು. “ಇದೊಂದನ್ನ ಸರಿ ಮಾಡಿಕೊಡಿ. ಉಳಿದದ್ದು... ಕಿತ್ತರೆ ಕಾಗದ ಹರಿಯುತ್ತೆ ಅಂತ ವರದಿ ಬರೀತೀನಿ. ಅದು ನಿಜಾನೇ ಅಲ್ವಾ? ಇನ್ನು ಮುಂದೆ ಅಂಟಿಸೋ ಮುಂಚೆ ಪಟ್ಟಿ ಕಳಿಸಿ.”

“ಕತ್ತೆನೂ ಕೆಲ್ಸ ಮಾಡುತ್ತಲ್ಲ,” ಎಂದ ಗುಂಡ.

ತಡೆಹಿಡಿದ ಪೆಟ್ಟಿಗೆ ಒಂಬತ್ತು ದಿನದ ನಂತರ ಬಂತು. ಈಗ ಪ್ರತಿ ಪೆಟ್ಟಿಗೆಗೂ ಅಂಟಾಂಟಿ ಪಟ್ಟಿ ಬರೆದು ಕಳಿಸುತ್ತಾರೆ, ಅದು ಮೇಲ್ವಿಚಾರಕರ ಸಹಿಯಾಗಿ ವಾಪಸು ಬರುತ್ತದೆ. ಎರಡು ಸಾಲು ನಿರಾಕರಣೆಯಾದದ್ದೂ ಉಂಟು. ಕಳೆದ ಸಲದ ಪಟ್ಟಿಯ ಕೆಳಗೆ ಮಾತ್ರ ಕೆಂಪು ಶಾಯಿಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ‘ಪುಟ ಹದಿನಾಲ್ಕು, ಗಿಡಕ್ಕೆ ನೀರು ಹಾಕುವವನು. ನಿಮ್ಮ ಕಣ್ಣು ತಪ್ಪಿದೆ.’ ಆ ಪಟ್ಟಿಯನ್ನು ಅಂಟಾಂಟಿ ಡಬ್ಬಿಯ ಮುಚ್ಚಳದೊಳಗೆ ಮಡಚಿಟ್ಟಿದ್ದಾರೆ. ಹೊಲಿಗೆಯ ದಾರಕ್ಕೆ ಮನೆಯಲ್ಲಿ ಕೂತು ಮೇಣ ಉಜ್ಜಿಕೊಡುವುದು ಅವರ ಗಂಡ. ಲಾರಿ ಕ್ಲೀನರ್ ಆಗಿದ್ದು ಬೆನ್ನುನೋವಿಗೆ ಕೆಲಸ ಬಿಟ್ಟವರು. “ಮೂವತ್ತು ವರ್ಷ ಇವಳನ್ನ ‘ಏ, ಬಾರೇ’ ಅಂತಿದ್ದೆ. ಈಗ ಭಯ ಆಗುತ್ತೆ. ಬಾಯಿಗೇ ಚೀಟಿ ಅಂಟಿಸಿಬಿಟ್ಟಾರು,” ಎನ್ನುತ್ತಾರೆ.

ಚಿಕ್ಕ ಬದಲಾವಣೆಗಳು ಕೋಣೆಯ ಹೊರಗೂ ಕಾಣಿಸಿವೆ. ಶಾಲೆಯಲ್ಲಿ ‘ನಿಮ್ಮ ತಾಯಿ ಏನು ಮಾಡುತ್ತಾರೆ’ ಎಂದು ಕೇಳಿದರೆ ಇಲ್ಲಿನ ಮಕ್ಕಳು ಹಿಂದೆಲ್ಲ ‘ಮನೇಲಿರ್ತಾರೆ’ ಎನ್ನುತ್ತಿದ್ದರು. ಈಗ ನೆಟ್ಟಗೆ ನಿಂತು ‘ಬೀದಿ ಗುಡಿಸ್ತಾರೆ’ ಎನ್ನುತ್ತಾರೆ. ಹಾಗೆಂದು ಶಿಕ್ಷಕಿಯೇ ಬಂದು ಹೇಳಿಹೋದರು. ಗಾಡಿ ತಳ್ಳುವ ಅಮ್ಮಂದಿರಲ್ಲಿ ಒಬ್ಬರು ಆ ದಿನ ಈ ಚಾಪೆಯ ಮೇಲೆ ಕೂತು ಬಾಯಿಬಿಟ್ಟು ಅತ್ತರು.

“ನನ್ನ ಆಸೆ ಇಷ್ಟೇ,” ಎಂದು ಅಂಟಾಂಟಿ ಡಬ್ಬಿ ಅಲ್ಲಾಡಿಸುತ್ತಾರೆ. ಚೀಟಿಗಳು ಮಳೆಹುಳುಗಳ ರೆಕ್ಕೆಯಂತೆ ಹಗುರವಾಗಿ ಸದ್ದು ಮಾಡುತ್ತವೆ. “ಹೊಸ ಪುಸ್ತಕಗಳು ‘ರೆ’ ಹಾಕ್ಕೊಂಡೇ ಅಚ್ಚಾಗಿ ಬರ್ಲಿ. ಈ ಡಬ್ಬಿ ಕೆಲಸಕ್ಕೆ ಬಾರದೆ ಹೋಗ್ಲಿ. ಆಗ ಇದರಲ್ಲಿ ಸೂಜಿ ಇಟ್ಕೋತೀನಿ.”

ಒಂಬತ್ತಾಗುತ್ತ ಬಂತು. ಹೊರಗೆ ತಳ್ಳುಗಾಡಿಗಳ ಚಕ್ರಗಳು ಕಿರುಗುಟ್ಟುತ್ತವೆ. ಯಾಕಮ್ಮ ಕೆಲಸಗಾರರ ಪುಸ್ತಕದ ಅದೇ ಪುಟಕ್ಕೆ ಮತ್ತೆ ಬಂದಿದ್ದಾಳೆ. “ಬೀದಿ ಗುಡಿಸುವವರು ಬೀದಿ ಗುಡಿಸುತ್ತಾರೆ,” ಎಂದು ‘ರೆ’ಯನ್ನು ಎಳೆದು ಒತ್ತಿ ಓದುತ್ತಾಳೆ. ಅಷ್ಟರಲ್ಲಿ ಬಾಗಿಲಲ್ಲಿ ಪೊರಕೆ ಒರಗಿಸಿಟ್ಟ ಸದ್ದು. ಧೂಳು ಮೆತ್ತಿದ ಕಾಲು, ಬೆವರಿದ ಮುಖ. ಹುಡುಗಿ ಪುಸ್ತಕ ಬಿಟ್ಟು ಎದ್ದು, ಇಬ್ಬರನ್ನು ದಾಟಿ, ಒಬ್ಬನನ್ನು ತುಳಿದು ಓಡುತ್ತಾಳೆ.

“ನಮ್ಮಮ್ಮ ಬಂದ್ಲು, ನಮ್ಮಮ್ಮ ಬಂದ್ಲು.”

ಅಂಟಾಂಟಿ ಬಿದ್ದ ಪುಸ್ತಕ ಎತ್ತಿ ಧೂಳು ಒರೆಸುತ್ತಾರೆ. ಡಬ್ಬಿಯ ಮುಚ್ಚಳ ಹಾಕುತ್ತಾರೆ.

“ನೋಡಿ,” ಎನ್ನುತ್ತಾರೆ. “ಅದಕ್ಕೆ ಚೀಟಿ ಬೇಡ.”